ಮೊಟ್ಟೆ ಡಬ್ಬಿಯ ಒಂಬತ್ತು ಗುಂಡಿಗಳು

ಟ್ಯಾಮರಾಕ್ ಫ್ಲಾಟ್ಸ್, ಆಲ್ಬರ್ಟಾ
ನವೆಂಬರ್ 19, ಭಾನುವಾರ

ಪ್ರಿಯ ಹಾನ್ಯಾ,

‘ಪ್ರಿಯ’ ಎಂದು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಮೇಲಿನ ಕಲೆ ಅದರದ್ದು, ಕಾಫಿ ಚೆಲ್ಲಿದ್ದಲ್ಲ. ನೀನು ಕ್ಷೇಮವಾಗಿದ್ದೀಯ ಎಂದು ನನಗೆ ಗೊತ್ತು, ಕಳೆದ ತಿಂಗಳು ಟೀವಿಯಲ್ಲಿ ಕಣ್ಣಾರೆ ನೋಡಿದೆ. ಕೂದಲು ಗಿಡ್ಡ ಮಾಡಿಸಿದ್ದೀಯ. ಅಮ್ಮನ ಬೆಳ್ಳಿ ಓಲೆ ಹಾಕಿಕೊಂಡಿದ್ದೆ. ನಾನೂ ಕ್ಷೇಮ, ಎಡಗಾಲಿನ ಮಂಡಿ ಮತ್ತು ನೀನು, ಇವೆರಡನ್ನು ಬಿಟ್ಟರೆ.

ಏಳು ಸಲ ಫೋನ್ ಮಾಡಿದೆ ನೀನು. ಏಳು ಸಲವೂ ನಾನು ಮನೆಯಲ್ಲೇ ಇದ್ದೆ, ಅಡುಗೆಮನೆಯ ಕುರ್ಚಿಯಲ್ಲಿ ಕೂತು ಅದು ಬಡಿದುಕೊಳ್ಳುವುದನ್ನು ಕೇಳಿದೆ. ಮಾತಿಗೆ ನಿಂತರೆ ನೀನು ಗೆಲ್ಲುತ್ತೀಯ, ಒಟ್ಟಾವಾದಲ್ಲಿ ನಿನಗೆ ಸಂಬಳ ಕೊಡುವುದೇ ಅದಕ್ಕೆ. ಕಾಗದದಲ್ಲಿ ನಡುವೆ ಬಾಯಿ ಹಾಕುವವರಿಲ್ಲ. ಉತ್ತರ ತಡವಾದದ್ದಕ್ಕೆ ಕ್ಷಮೆ ಕೇಳುವುದು ವಾಡಿಕೆ. ಕೇಳಿದ್ದೇನೆ ಅಂದುಕೋ.

ಊರಿನ ಸುದ್ದಿ ಮೊದಲು ಮುಗಿಸಿಬಿಡುತ್ತೇನೆ. ಹಿಮ ಬಿದ್ದು ಮೂರು ವಾರವಾಯಿತು. ಕಾರಿಗೆ ಚಳಿಗಾಲದ ಟಯರು ಹಾಕಿಸಲು ಈ ಸಲ ನಾನು ಸಾಲಿನಲ್ಲಿ ಕಾಯಬೇಕಾಯಿತು, ಹಿಂದೆಲ್ಲ ಗ್ಯಾರೇಜಿನವನು ನನ್ನನ್ನು ಕಂಡರೆ ಮೊದಲು ಕರೆಯುತ್ತಿದ್ದ. ಬೇಲಿ ಹಾರಿ ಬಂದ ಜಿಂಕೆಗಳು ಉಳಿದಿದ್ದ ಎಲೆಕೋಸನ್ನೆಲ್ಲ ತಿಂದು ಹೋದವು. ಅಮ್ಮನ ಗೆಳತಿ ಪಾನಿ ಒಲ್ಹಾಗೆ ತೊಂಬತ್ತು ತುಂಬಿತು. ಈಗಲೂ ಪ್ರತಿ ಗುರುವಾರ ಚರ್ಚಿನ ಹಾಲಿನಲ್ಲಿ ಪಿರೋಹಿ ಕಡುಬು ಮಾಡುವ ಹೆಂಗಸರ ಮೇಜಿಗೆ ಅವಳೇ ಯಜಮಾನಿ. ಯಾರ ಪಿರೋಹಿಯ ಅಂಚು ಬಿಟ್ಟುಕೊಳ್ಳುತ್ತದೋ ಅವರ ಕಡೆ ಕನ್ನಡಕದ ಮೇಲಿಂದ ನೋಡುತ್ತಾಳೆ. ಅಷ್ಟು ನೋಡಿದರೆ ಸಾಕು, ಯಾರೂ ಇನ್ನೊಮ್ಮೆ ತಪ್ಪು ಮಾಡುವುದಿಲ್ಲ.

ಇನ್ನು ನನ್ನ ಸುದ್ದಿ. ನನ್ನ ಕೆಲಸ ಹೋಯಿತು. ಗಣಿಯ ಲ್ಯಾಬಿನಲ್ಲಿ ಮೂವತ್ಮೂರು ವರ್ಷದ ಕೆಲಸ, ಹೋಗಲು ಹನ್ನೊಂದು ನಿಮಿಷ ಹಿಡಿಯಿತು. ಹೇಗೆ ಹೋಯಿತು ಎಂಬುದನ್ನು ನಿನಗೆ ಪೂರ್ತಿ ಹೇಳಬೇಕು. ನೀನು ಬರೆಯುತ್ತಿರುವ ಕಲ್ಲಿದ್ದಲು ಮಸೂದೆಯ ಕಡತದಲ್ಲಿ ಈ ಭಾಗ ಇರುವುದಿಲ್ಲ.

ಜುಲೈನಲ್ಲಿ ನೀನು ಬಂದೆ. ಅಮ್ಮನ ಮಣ್ಣಿಗೆ ಬಂದು ಎರಡೇ ದಿನದಲ್ಲಿ ವಿಮಾನ ಹತ್ತಿದವಳು, ಎಂಟು ವರ್ಷದ ಮೇಲೆ ಬಂದೆ, ನಾಲ್ಕು ದಿನ ಇದ್ದೆ. ನಾನು ಹಾಸಿಗೆಗೆ ಹೊಸ ಹೊದಿಕೆ ತಂದಿದ್ದೆ, ನೀನು ಗಮನಿಸಲಿಲ್ಲ, ಹೋಗಲಿ. ಹೊಳೆಯಂಚಿನಲ್ಲಿ ಇಬ್ಬರೂ ಸ್ಯಾಸ್ಕಟೂನ್ ಹಣ್ಣು ಕಿತ್ತೆವು. ನಿನ್ನ ಒಟ್ಟಾವಾ ಚಪ್ಪಲಿ ಕೆಸರಿನಲ್ಲಿ ಸಿಕ್ಕಿಕೊಂಡು ನೀನು ಒಂಟಿ ಕಾಲಿನಲ್ಲಿ ಕುಣಿದಾಗ ನಾನು ನಕ್ಕ ನಗು ಎಷ್ಟೋ ವರ್ಷದಿಂದ ನಕ್ಕಿರಲಿಲ್ಲ. ಮೂರನೆಯ ದಿನ ಪೈಗೆ ಹಣ್ಣಿನ ಹೂರಣ ತುಂಬುತ್ತಿದ್ದಾಗ ನೀನು ಕೇಳಿದೆ, “ಸ್ಟೆಫಾ, ಆ ಲ್ಯಾಬಲ್ಲಿ ದಿನವಿಡೀ ನೀನು ಏನ್ ಮಾಡ್ತೀಯ ಅಂತ ನಂಗೆ ಒಂದಿನಾನೂ ಹೇಳೇ ಇಲ್ವಲ್ಲ?”

“ನೀನು ಒಂದಿನಾನೂ ಕೇಳಿಲ್ವಲ್ಲ,” ಅಂದೆ ನಾನು. ಅಂದೆನೇ ಹೊರತು ಆಗಲೇ ಕೈ ಒರೆಸಿಕೊಂಡು ಏಳುತ್ತಿದ್ದೆ.

ನಾನು ಹೇಗೆ ಹೇಳಿದೆ ನೆನಪಿದೆಯಾ? ಹಿಟ್ಟಿನ ಮೇಜಿನ ಮೇಲೆಯೇ ಪಾಠ. ಕಲ್ಲಿದ್ದಲನ್ನು ನುಣ್ಣಗೆ ಪುಡಿ ಮಾಡು, ಒಂದು ಗ್ರಾಂ ತೂಗು, ಬೆರಳುದ್ದದ ಮೂಸೆಯಲ್ಲಿ ಹಾಕಿ ಮುಚ್ಚು, ಉರಿಯ ಮೇಲಿಡು. ಎರಡೂವರೆ ನಿಮಿಷದಲ್ಲಿ ಹೊಗೆಯೆಲ್ಲ ಹೋಗಿ ತಳದಲ್ಲಿ ಕೋಟಿನ ಗುಂಡಿಯಂಥ ಕರಿ ಗುಂಡಿಯೊಂದು ಉಳಿಯುತ್ತದೆ. ಉಕ್ಕಿನ ಕುಲುಮೆಗೆ ಹೋಗುವ ಕಲ್ಲಿದ್ದಲಾದರೆ ಅದು ಹೊಟ್ಟೆ ಬಂದ ಹಾಗೆ ಉಬ್ಬುತ್ತದೆ. ಕರೆಂಟು ಮಾಡಲು ಸುಮ್ಮನೆ ಉರಿಸುವ ಕಲ್ಲಿದ್ದಲಾದರೆ ಉಬ್ಬುವುದಿಲ್ಲ, ಇದ್ದ ಹಾಗೇ ಬಿದ್ದಿರುತ್ತದೆ. ಗೋಡೆಯ ಮೇಲಿನ ಪಟದ ಪಕ್ಕ ಹಿಡಿದು ನೋಡಿ ಒಂದರಿಂದ ಒಂಬತ್ತರವರೆಗೆ ನಂಬರು ಕೊಡುತ್ತೇವೆ. ನಮ್ಮ ಗಣಿಯದು ಒಂದು, ಕೆಲವು ದಿನ ಒಂದೂವರೆ.

ಅಪ್ಪ ಗಣಿಯ ದೊಡ್ಡ ಯಂತ್ರ ಓಡಿಸುತ್ತಿದ್ದ ಕಾಲದಲ್ಲಿ ಲ್ಯಾಬಿನವರು ಬಿಸಾಡಿದ ಗುಂಡಿಗಳನ್ನು ನಮಗೆ ಆಡಲು ತರುತ್ತಿದ್ದದ್ದು ನಿನಗೆ ನೆನಪಿತ್ತು. ಅವನು ಮನೆಗೆ ಬಂದವರ ಮುಂದೆಲ್ಲ ನಮ್ಮನ್ನು ಸಾಲಾಗಿ ನಿಲ್ಲಿಸಿ ಹೇಳುತ್ತಿದ್ದದ್ದೂ ನೆನಪಿತ್ತು, “ಚಿಕ್ಕೋಳು ಒಂಬತ್ತು, ಬೆಂಕಿ ತೋರಿಸಿದ್ರೆ ಸಾಕು, ಮೂಸೆ ಮುಚ್ಚಳಾನೇ ಎತ್ತಾಕ್ತಾಳೆ. ದೊಡ್ಡೋಳು ಒಂದು, ಎಷ್ಟು ಸುಟ್ರೂ ಇದ್ದ ಹಾಗೇ ಇರ್ತಾಳೆ.” ನೀನು ಅದನ್ನೇ ಅವನ ದನಿಯಲ್ಲಿ ಹೇಳಿ ತೋರಿಸಿದೆ. ಇಬ್ಬರೂ ನಕ್ಕೆವು.

ಆ ಒಂದು ನಂಬರಿನವಳು ಅವತ್ತು ಉಬ್ಬಿಹೋದಳು, ಹಾನ್ಯಾ. ಸುಪ್ರೀಂ ಕೋರ್ಟಿನಲ್ಲಿ ವಾದ ಮಾಡಿದ ತಂಗಿ ತನ್ನ ಎದುರಿಗೆ ಕೂತು, ಕನ್ನಡಕ ಹಾಕಿಕೊಂಡು, “ನಿಧಾನವಾಗಿ ಹೇಳು, ಬರ್ಕೋತೀನಿ” ಅಂದಾಗ ಯಾರು ಉಬ್ಬುವುದಿಲ್ಲ ಹೇಳು. ಅದಕ್ಕೇ ಕೇಳದ್ದನ್ನೂ ಹೇಳಿದೆ. ಏಪ್ರಿಲ್‌ನಲ್ಲಿ ನಡೆದದ್ದನ್ನು ಹೇಳಿದೆ.

ಉರಿಸುವ ಕಲ್ಲಿದ್ದಲನ್ನು ಹೊರದೇಶಕ್ಕೆ ಕಳಿಸಬಾರದು ಎಂಬ ಮಸೂದೆ ಬರುತ್ತದೆ ಎಂದು ಗೊತ್ತಾದ ಮೇಲೆ ನಮ್ಮ ಮ್ಯಾನೇಜರ್ ಹ್ಯಾಲ್ವರ್ಸನ್ ನನ್ನನ್ನು ಕರೆದಿದ್ದ. ಪಕ್ಕದ ಕಣಿವೆಯಿಂದ ಒಂದಿಷ್ಟು ಉಕ್ಕಿನ ಕಲ್ಲಿದ್ದಲು ಕೊಂಡು ರೈಲು ವ್ಯಾಗನ್ನುಗಳ ಮೇಲ್ಭಾಗದಲ್ಲಿ ಸುರಿಯುತ್ತೇವೆ, ಸ್ಯಾಂಪಲ್ಲನ್ನು ಇನ್ನು ಮೇಲೆ ಕಲ್ಲಿದ್ದಲು ಸಾಗಿಸುವ ಬೆಲ್ಟಿನಿಂದ ತೆಗೆಯುವುದು ಬೇಡ, ವ್ಯಾಗನ್ನಿನ ಮೇಲಿಂದ ತೆಗೆಯೋಣ ಅಂದ. ಸುಳ್ಳು ಬರೆ ಎಂದು ಅವನು ಹೇಳಲಿಲ್ಲ. ಚಮಚ ಎಲ್ಲಿ ಹಾಕಬೇಕು ಎಂದಷ್ಟೇ ಹೇಳಿದ. ಹಾಗೆ ತೆಗೆದರೆ ಗುಂಡಿ ಮೂರಕ್ಕೆ ಉಬ್ಬುತ್ತದೆ, ಕಾಗದದಲ್ಲಿ ‘ಉಕ್ಕಿನ ಬಳಕೆಗೆ’ ಎಂದು ಬರೆದುಕೊಳ್ಳಬಹುದು, ನಿಮ್ಮ ಕಾಯಿದೆ ಬಂದರೂ ಹಡಗು ನಿಲ್ಲುವುದಿಲ್ಲ. ನಾನು ಆಗುವುದಿಲ್ಲ ಅಂದೆ. ಸ್ಯಾಂಪಲ್ ತೆಗೆಯಲು ಹೊರಗಿನ ಗುತ್ತಿಗೆಯವರನ್ನು ಕರೆಸಿದ. ಮೂವತ್ಮೂರು ವರ್ಷದಲ್ಲಿ ಮೊದಲ ಸಲ ನನ್ನ ಮೂಸೆಗೆ ಯಾರೋ ಆರಿಸಿ ತಂದ ಪುಡಿ ಬಂತು. ಅದನ್ನು ಯಾರಿಗೂ ಹೇಳಿರಲಿಲ್ಲ, ನಿನಗೆ ಹೇಳಿದೆ. ಕಾಗದ ನೋಡಬೇಡಿ, ಗುಂಡಿ ನೋಡಿ, ಅದೂ ಬೆಲ್ಟಿನ ಮೇಲಿಂದ ತೆಗೆದದ್ದರ ಗುಂಡಿ ನೋಡಿ ಅಂದೆ. ನೀನು ಆ ಸಾಲಿನ ಕೆಳಗೆ ಎರಡು ಗೆರೆ ಎಳೆದೆ. ಏಕೆ ಎಳೆಯುತ್ತಿದ್ದೀಯ ಎಂದು ನಾನು ಕೇಳಲಿಲ್ಲ, ಅದು ನನ್ನ ತಪ್ಪು.

ಹೊರಡುವ ದಿನ ನಿನಗೆ ಒಂದು ಮೊಟ್ಟೆ ಡಬ್ಬಿ ಕೊಟ್ಟೆನಲ್ಲ, ಒಂಬತ್ತು ಕುಳಿಯಲ್ಲಿ ಒಂಬತ್ತು ಗುಂಡಿ, ಒಂದರಿಂದ ಒಂಬತ್ತರವರೆಗೆ, ಮೂರು ಕುಳಿ ಖಾಲಿ. ಅದು ಎಲ್ಲಿಂದ ಬಂತು ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ಕೆಲಸಕ್ಕೆ ಸೇರಿ ಇಪ್ಪತ್ತೈದು ವರ್ಷ ತುಂಬಿದಾಗ ವೆಂಡೆಲ್ ಮಾಡಿಕೊಟ್ಟದ್ದು ಅದು. ವೆಂಡೆಲ್ ಪ್ರೋಕಾಪ್, ನನ್ನ ಪಕ್ಕದ ಮೇಜಿನವನು, ಪೈನ ಒಂದು ತುಂಡು ಅವನಿಗೆ ತೆಗೆದಿಟ್ಟಾಗ ಯಾರಿಗೆ ಎಂದು ಕೇಳಿದ್ದೆಯಲ್ಲ, ಅವನು. ಬೇರೆ ಬೇರೆ ಗಣಿಗಳಿಂದ ಕಲ್ಲಿದ್ದಲು ತರಿಸಿ, ಒಂದೊಂದು ನಂಬರಿಗೂ ಹತ್ತು ಹತ್ತು ಸುಟ್ಟು, ಚೆನ್ನಾಗಿ ಬಂದದ್ದನ್ನು ಮಾತ್ರ ಇಟ್ಟಿದ್ದ. ನನ್ನ ಹತ್ತಿರ ಇದ್ದದ್ದರಲ್ಲಿ ಒಳ್ಳೆಯದು ಅದೊಂದೇ, ಆದ್ದರಿಂದ ನಿನಗೆ ಕೊಟ್ಟೆ.

ವೆಂಡೆಲನ ಮೂಸೆಯ ಒಳತಳದಲ್ಲಿ ಸಾಸಿವೆಯಷ್ಟು ಗುಳ್ಳೆ ಇದೆ. ಎಸೆದು ಹೊಸದು ತೆಗೆದುಕೋ ಎಂದು ನಾನೇ ನೂರು ಸಲ ಹೇಳಿದ್ದೇನೆ. ಇದು ನನ್ನ ಕೈಗೆ ಒಗ್ಗಿದೆ ಎಂದು ಅದನ್ನೇ ಇಟ್ಟುಕೊಂಡಿದ್ದ. ಹಾಗಾಗಿ ಅವನ ಗುಂಡಿಗಳ ಅಡಿಯಲ್ಲಿ ಉಗುರು ಒತ್ತಿದ ಹಾಗೆ ಒಂದು ತಗ್ಗು ಇರುತ್ತದೆ. ಲ್ಯಾಬಿನ ನಾಲ್ಕು ಜನಕ್ಕೆ ಅದು ಗೊತ್ತು. ನಿನಗೆ ಗೊತ್ತಿರಲಿಲ್ಲ, ಆ ಮಟ್ಟಿಗೆ ನಿನ್ನನ್ನು ಬಿಡುತ್ತೇನೆ.

ಅಕ್ಟೋಬರ್ ಇಪ್ಪತ್ತಾರಕ್ಕೆ ನಿಮ್ಮ ಸಂಸತ್ತಿನ ಸಮಿತಿಯ ವಿಚಾರಣೆ. ಯೂನಿಯನ್ನಿನವರು ಕರ್ಲಿಂಗ್ ಆಟದ ಕ್ಲಬ್ಬಿನ ಮಹಡಿಯಲ್ಲಿ ದೊಡ್ಡ ಟೀವಿ ಹಾಕಿಸಿದ್ದರು. ಅರವತ್ತು ಜನ ಸೇರಿದ್ದರು, ಮಧ್ಯಾಹ್ನದ ಪಾಳಿಯವರು ಬೂಟಿನಲ್ಲೇ ಬಂದಿದ್ದರು. ನೀನು ಬರುತ್ತೀಯ ಎಂದು ನನಗೆ ಗೊತ್ತಿರಲಿಲ್ಲ. ತೆರೆಯ ಮೇಲೆ ನಿನ್ನ ಗಂಡನ ಮನೆಯ ಹೆಸರು ಬಂತು. ಕಂಪನಿ ಬೇರೆ ಕಡೆಯದು, ಈಗಿನ ಕೆಲಸಗಾರರಲ್ಲಿ ಮುಕ್ಕಾಲು ಪಾಲು ಹೊರಗಿನವರು, ಹದಿನೆಂಟಕ್ಕೆ ಊರು ಬಿಟ್ಟವಳನ್ನು ಯಾರು ಗುರುತಿಸುತ್ತಾರೆ? ನನ್ನ ಮುಂದೆ ಕೂತಿದ್ದ ಲಾರಿ ಡ್ರೈವರ್ ಒಬ್ಬ, “ಈ ಹೆಂಗಸು ನಮ್ ಕಡೇರ್ ಥರಾನೇ ಎಳ್ದೆಳ್ದು ಮಾತಾಡ್ತಾಳಲ್ಲ,” ಅಂದ. ನಾನು ಲೋಟ ನೋಡುತ್ತಾ ಕೂತೆ. ಹಿಂದಿನ ಸಾಲಿನಲ್ಲಿ ಪಾನಿ ಒಲ್ಹಾ ಮತ್ತು ಅವಳ ಮೇಜಿನವರು ಇದ್ದರು. ಅವರು ಏನೂ ಅನ್ನಲಿಲ್ಲ.

ಆಮೇಲೆ ನೀನು ಕೈಚೀಲದಿಂದ ಒಂದು ಗುಂಡಿ ತೆಗೆದು ಮೇಜಿನ ಮೇಲಿಟ್ಟೆ. ಒಂದನೇ ನಂಬರಿನದು. ನನ್ನ ಮಾತುಗಳನ್ನು ಒಂದಕ್ಷರ ಬಿಡದೆ ಹೇಳಿದೆ. ಬೆಲ್ಟು, ವ್ಯಾಗನ್ನು, ಚಮಚ, ಎಲ್ಲ. ಚೆನ್ನಾಗಿ ಹೇಳಿದೆ, ನಾನೇ ಅಷ್ಟು ಚೆನ್ನಾಗಿ ಹೇಳಿರಲಿಲ್ಲ. ಒಬ್ಬ ಸದಸ್ಯ ಅದನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದ, ಕ್ಯಾಮೆರಾ ಹತ್ತಿರ ಬಂತು, ಗೋಡೆಯಷ್ಟು ದೊಡ್ಡ ಟೀವಿಯಲ್ಲಿ ವೆಂಡೆಲನ ಉಗುರು ಗುರುತು ನನ್ನ ಊಟದ ತಟ್ಟೆಯಷ್ಟು ಅಗಲವಾಗಿ ಕಂಡಿತು. ಆ ಸದಸ್ಯ ನಿನಗೆ ಒಂದು ಪ್ರಶ್ನೆಯನ್ನೂ ಕೇಳಿದ. ಅದರ ವಿಷಯ ಈಗ ಬೇಡ.

ವೆಂಡೆಲ್ ನನ್ನ ಬಲಕ್ಕೆ ಕೂತಿದ್ದ. ಕಾಫಿ ಕುಡಿಯುವುದನ್ನು ನಿಲ್ಲಿಸಿದ. ನನ್ನ ಕಡೆ ತಿರುಗಲಿಲ್ಲ.

ಸೋಮವಾರ ಹ್ಯಾಲ್ವರ್ಸನ್ ಲ್ಯಾಬಿಗೆ ಬಂದು ಎಲ್ಲರ ಮೂಸೆಗಳನ್ನೂ ತರಿಸಿ ಒಂದೊಂದರಲ್ಲಿ ಒಂದೊಂದು ಗುಂಡಿ ಸುಡಿಸಿದ. ಸುಟ್ಟವಳು ನಾನೇ. ವೆಂಡೆಲನದನ್ನು ತಿರುವಿದಾಗ ತಗ್ಗು ಕಂಡಿತು. ನಾನು ಬಾಯಿ ಬಿಡಬೇಕಾದ ಹೊತ್ತು ಅದು, ಬಿಡಲಿಲ್ಲ. ವೆಂಡೆಲ್ ಊಟದ ಡಬ್ಬಿ, ರೇಡಿಯೋ ಎರಡನ್ನೂ ತೆಗೆದುಕೊಂಡು ಹೋದ. ವಿಚಾರಣೆ ಮುಗಿಯುವವರೆಗೆ ಅಮಾನತು, ಆಮೇಲೆ ವಜಾ, ಗುಟ್ಟು ಹೊರಗೆ ಬಿಟ್ಟವನೆಂದು. ನಿವೃತ್ತಿಗೆ ಎಂಟು ತಿಂಗಳಿತ್ತು ಅವನಿಗೆ. ಕ್ಲಬ್ಬಿನ ಅವನ ಆಟದ ತಂಡದವರು ಆ ವಾರವೇ ಇನ್ನೊಬ್ಬನನ್ನು ಸೇರಿಸಿಕೊಂಡರು. ಯಾರೋ ಅವನ ಪೋಸ್ಟ್ ಡಬ್ಬಿಯ ತುಂಬ ಕಲ್ಲಿದ್ದಲು ತುಂಬಿ ಹೋಗಿದ್ದರು. ಹತ್ತು ದಿನ, ಹಾನ್ಯಾ. ಹತ್ತು ದಿನ ನಾನು ಅವನ ಖಾಲಿ ಮೇಜಿನ ಪಕ್ಕ ಕೂತು ಗುಂಡಿ ಸುಟ್ಟೆ. ನಿನ್ನ ಫೋನು ಬಡಿದುಕೊಂಡದ್ದು ಆಗಲೇ.

ಗುರುವಾರ ಪಿರೋಹಿಗೆ ಹೋದೆ, ಹೋಗದಿದ್ದರೆ ಜನ ಏನಾದರೂ ಅಂದುಕೊಂಡಾರು ಎಂದು. ಮೇಜಿನಲ್ಲಿ ಅಮ್ಮ ಕೂರುತ್ತಿದ್ದ, ಈಗ ನಾನು ಕೂರುವ ಕುರ್ಚಿಯ ಮೇಲೆ ಯಾರದೋ ಕೋಟು ಇತ್ತು. ಯಾರೂ ತೆಗೆಯಲಿಲ್ಲ. ಈರುಳ್ಳಿ ಇನ್ನೂ ಹೆಚ್ಚಿಲ್ಲ ಎಂದರು. ಹೊಸದಾಗಿ ಸೇರಿದವರಿಗೆ ಕೊಡುವ ಕೆಲಸ ಅದು. ಮೂಲೆಯಲ್ಲಿ ನಿಂತುಕೊಂಡು ಒಂದು ಮೂಟೆ ಈರುಳ್ಳಿ ಹೆಚ್ಚಿದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಕಾರಣ ಹೇಳಬೇಕಾಗಲಿಲ್ಲ, ಅದೊಂದು ಅನುಕೂಲವಾಯಿತು. ಎಲ್ಲರೂ ಹೊರಡುವ ಹೊತ್ತಿಗೆ ಪಾನಿ ಒಲ್ಹಾ ಕೋಲೂರಿಕೊಂಡು ಬಂದಳು. ಒಂದು ಡಬ್ಬಿ ನನ್ನ ಕೈಗೆ ಕೊಟ್ಟಳು, ಇನ್ನೂ ಬಿಸಿ ಇತ್ತು.

“ಓಲೆ ನೋಡ್ದೆ ಟೀವೀಲಿ,” ಅಂದಳು. “ನಿಮ್ಮಮ್ಮಂದು. ಮದುವೇಲಿ ನಾನೇ ಕಿವಿಗೆ ಹಾಕಿದ್ದು.”

ನಾನು ಡಬ್ಬಿಯ ಮುಚ್ಚಳವನ್ನು ಒತ್ತಿ ಹಾಕಿದೆ.

“ನಾವ್ಯಾರೂ ಹೋಗಿ ಹೇಳಲ್ಲ. ಅದು ನಮ್ ಕೆಲ್ಸ ಅಲ್ಲ. ಇದ್ನ ವೆಂಡೆಲ್ ಮನೆಗೆ ಕೊಟ್ಬಿಡು. ನೀನೇ ಕೊಡ್ಬೇಕು, ಬೇರೆಯೋರ ಕೈಲಿ ಕಳಿಸ್ಬೇಡ.”

ತೊಂಬತ್ತು ವರ್ಷದ ಮುದುಕಿ, ಕೈ ನಡುಗುತ್ತದೆ, ಆದರೆ ಎಲ್ಲಿ ಒತ್ತಿದರೆ ಅಂಚು ಕೂಡುತ್ತದೆ ಎಂದು ಗೊತ್ತು.

ವೆಂಡೆಲ್ ಗ್ಯಾರೇಜಿನಲ್ಲಿ ಹಿಮ ತೆಗೆಯುವ ಯಂತ್ರವನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ. ಅದು ಕೆಟ್ಟಿರಲಿಲ್ಲ, ನನಗೆ ಗೊತ್ತು, ಹೋದ ವರ್ಷ ತಂದದ್ದು. ಡಬ್ಬಿ ತೆಗೆದುಕೊಂಡು ಒಂದು ಪಿರೋಹಿ ಬಾಯಿಗೆ ಹಾಕಿಕೊಂಡ. ನಾನು ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಗಿತ್ತು.

“ಆ ಮೂಸೇನ ನಾನು ಯಾವತ್ತೋ ಬಿಸಾಕ್ಬೇಕಿತ್ತು,” ಅಂದ ಅವನೇ. “ನೀನು ಹೇಳ್ತಾನೇ ಇದ್ದೆ.”

“ವೆಂಡೆಲ್, ಆ ಡಬ್ಬೀನ ನಾನು...”

“ಗೊತ್ತು. ಒಂಬತ್ತು ಗುಂಡಿ ಒಬ್ಬರಿಗೇ ಕೊಟ್ಟಿದ್ದು ನಾನು.” ಕೈಗೆ ಹತ್ತಿದ ಬೆಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡ. “ನಂಗೆ ಇನ್ನು ಎಂಟೇ ತಿಂಗಳು. ನಿಂಗೆ ಇನ್ನೂ ಆರು ವರ್ಷ ಇದೆ. ಬಿಡು ಅತ್ಲಾಗೆ. ಅವ್ಳು ಹೇಳಿದ್ರಲ್ಲಿ ಸುಳ್ಳೇನಿತ್ತು?”

ಬೈದಿದ್ದರೆ ಮನೆಗೆ ಬಂದು ನಿದ್ದೆ ಮಾಡುತ್ತಿದ್ದೆ. ಅವನು ಬೈಯಲಿಲ್ಲ. ಹೊರಡುವಾಗ ಮಾತ್ರ, ಬೆನ್ನು ಹಾಕಿಕೊಂಡು, “ಯಾಕೆ ಕೊಟ್ಬಿಟ್ಟೆ ಸ್ಟೆಫಾ ಅದ್ನ?” ಎಂದು ಕೇಳಿದ.

ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ಹ್ಯಾಲ್ವರ್ಸನ್ನನ ಕೋಣೆಗೆ ಹೋಗಿ ಹೇಳಿದೆ. ಗುಂಡಿ ವೆಂಡೆಲ್ ಸುಟ್ಟದ್ದು, ಆದರೆ ಎಂಟು ವರ್ಷದಿಂದ ನನ್ನದು. ಬೆಲ್ಟಿನ ವಿಷಯ ಹೇಳಿದ್ದೂ ನಾನೇ. ಅವನು ಎರಡು ಮೂರು ಪ್ರಶ್ನೆ ಕೇಳಿದ, ನಾನು ಉತ್ತರ ಹೇಳಿದೆ, ಅವನ ಕಾರ್ಯದರ್ಶಿ ಟೈಪು ಮಾಡಿಕೊಂಡಳು, ನಾನು ಸಹಿ ಹಾಕಿದೆ. ನಿಮ್ಮಂಥವರಿಂದಲೇ ಈ ಊರು ಮುಚ್ಚುತ್ತದೆ ಎಂದ. ಊರು ಮುಚ್ಚುವುದು ನನ್ನ ಗುಂಡಿಯಿಂದಲೋ ನಿನ್ನ ಚಮಚದಿಂದಲೋ ಎಂದು ನಾನು ಕೇಳಿದೆ. ಅಷ್ಟೇ ನಾನು ಆಡಿದ ದೊಡ್ಡ ಮಾತು. ಗೇಟಿನವರೆಗೆ ಕಾವಲಿನವನು ಜೊತೆಗೆ ಬಂದ. ಅವನ ಮಗುವಿನ ನಾಮಕರಣಕ್ಕೆ ನಾನು ಕಾಲುಚೀಲ ಹೆಣೆದುಕೊಟ್ಟಿದ್ದೆ. ಪಾಪ, ನನ್ನ ಮುಖ ನೋಡಲಿಲ್ಲ.

ವೆಂಡೆಲನನ್ನು ಬುಧವಾರ ವಾಪಸು ಕರೆದರು. ಲ್ಯಾಬಿನಲ್ಲಿದ್ದ ನನ್ನ ಸಾಮಾನು, ಮಗ್ಗು, ಕುರ್ಚಿಯ ದಿಂಬು, ಉಣ್ಣೆಯ ಕೈಗವಸು, ಎಲ್ಲವನ್ನೂ ಪೆಟ್ಟಿಗೆಗೆ ಹಾಕಿ ನನ್ನ ಬಾಗಿಲ ಮುಂದೆ ಇಟ್ಟು ಹೋಗಿದ್ದಾನೆ. ಬೆಲ್ ಒತ್ತಲಿಲ್ಲ. ಒತ್ತುತ್ತಾನೆ ಎಂದು ನಾನು ಕಿಟಕಿಯ ಹಿಂದೆಯೇ ನಿಂತಿದ್ದೆ.

ಗುಂಡಿ ಅನ್ನುವ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ನನ್ನ ಗುಂಡಿ ನಾನೇ ತೋಡಿಕೊಂಡೆ, ಅದಕ್ಕೆ ನಿನ್ನ ಸಲಿಕೆ ಬೇಕಾಗಿರಲಿಲ್ಲ ಎಂದು ದಿನಕ್ಕೆ ಹತ್ತು ಸಲ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೂ ಸಿಟ್ಟು ಇಳಿಯುವುದಿಲ್ಲ.

ನಿನ್ನ ಮಸೂದೆಯ ಬಗ್ಗೆ ನನ್ನ ಅಭಿಪ್ರಾಯ ಕೇಳಿ ಇ-ಮೇಲ್ ಮಾಡಿದ್ದೀಯ. ತಿದ್ದುಪಡಿಯನ್ನು ಸಮಿತಿ ಒಪ್ಪಿತಂತೆ, ವಸಂತದಲ್ಲಿ ಸದನಕ್ಕೆ ಬರುತ್ತದಂತೆ. ಅಭಿನಂದನೆ. ಇಲ್ಲಿ ಗಣಿಯ ಮುನ್ನೂರೆಂಬತ್ತು ಜನ ಆ ವಸಂತವನ್ನು ಯಾವ ಹೊಟ್ಟೆಯಿಂದ ಕಾಯುತ್ತಿದ್ದಾರೆ ಎಂದು ತೋರಿಸಲು ನಿನ್ನ ಮೇಜಿನ ಮೇಲೆ ಇಡುವಂಥ ಗುಂಡಿ ಇಲ್ಲ. ನಮ್ಮ ಕಲ್ಲಿದ್ದಲು ಸಮುದ್ರದಾಚೆ ಉರಿದರೂ ಹೊಗೆ ಎಲ್ಲರಿಗೂ ಒಂದೇ, ಅದು ನನಗೆ ಅರ್ಥವಾಗುತ್ತದೆ. ಕಲ್ಲಿದ್ದಲನ್ನು ನಿನಗಿಂತ ನಾನು ಚೆನ್ನಾಗಿ ಬಲ್ಲೆ. ಆದರೆ ನಿಲ್ಲಿಸಿದ ಮೇಲೆ ಈ ಜನ ಏನು ಮಾಡಬೇಕು ಎಂಬ ಕಲಮು ನಿನ್ನ ಮಸೂದೆಯಲ್ಲಿ ಹುಡುಕಿದೆ, ಮೂರು ಸಲ ಓದಿದೆ. ತರಬೇತಿ ಎಂದು ಒಂದು ಸಾಲು ಇದೆ. ಹಡಗು ಹೇಗೆ ನಿಲ್ಲಿಸಬೇಕು ಎಂಬುದಕ್ಕೆ ನಾಲ್ಕು ಪುಟ ಇದೆ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ, ಒಪ್ಪಿಕೊಳ್ಳುವಾಗಲೂ ಹಲ್ಲು ಕಚ್ಚಿಕೊಂಡೇ ಇದ್ದೇನೆ. ಗುಂಡಿಯ ಕಲಮು ಸರಿಯಾಗಿದೆ. ಒಂದು ಪದವನ್ನೂ ತಿದ್ದುವ ಹಾಗಿಲ್ಲ. ಬೆಲ್ಟಿನ ಮೇಲಿಂದ, ಹೊರಗಿನ ಲ್ಯಾಬಿನವರ ಕೈಯಿಂದ, ಕಾಗದ ಏನೇ ಹೇಳಲಿ. ಮೂವತ್ಮೂರು ವರ್ಷ ನಾನು ಕೆಲಸ ಮಾಡಿದ್ದೇ ಹಾಗೆ. ನನ್ನ ಕೆಲಸವನ್ನು ಕಾಯಿದೆಯ ಭಾಷೆಯಲ್ಲಿ ಬರೆದದ್ದನ್ನು ನಾನು ಮೊದಲ ಸಲ ಓದಿದೆ. ಇದನ್ನು ಬರೆಯಲು ನನಗೆ ನೀನು ಬೇಕಾಯಿತು, ನಿನ್ನ ಮೇಲೆ ಸಿಟ್ಟಾಗಲೂ ನಿನ್ನದೇ ವಾಕ್ಯ ಓದಬೇಕಾಯಿತು.

ಗುಂಡಿಗಳನ್ನು ವಾಪಸು ಕಳಿಸು. ವೆಂಡೆಲನಿಗೆ ಕೊಡುತ್ತೇನೆ, ತೆಗೆದುಕೊಂಡರೆ. ಒಂದನೇ ನಂಬರಿನದು ಈಗ ಸಂಸತ್ತಿನ ದಾಖಲೆಯಾಗಿದೆ, ಅದನ್ನು ಕೊಡುವುದಿಲ್ಲ ಎಂದು ಬರೆದಿದ್ದೀಯ. ಸರಿ, ಅದು ಅಲ್ಲೇ ಇರಲಿ. ಉಳಿದ ಎಂಟನ್ನು ಹತ್ತಿಯಲ್ಲಿ ಸುತ್ತಿ ಕಳಿಸು, ಒಂಬತ್ತನೆಯದನ್ನು ಜಾಸ್ತಿ ಸುತ್ತು, ಉಬ್ಬಿದ್ದು ಬೇಗ ಒಡೆಯುತ್ತದೆ.

ನಿನ್ನ ಮಕ್ಕಳಿಗೆ ದೊಡ್ಡಮ್ಮನ ಆಶೀರ್ವಾದ. ದೊಡ್ಡವನಿಗೆ ಹೆಣೆಯುತ್ತಿರುವ ಸ್ವೆಟರು ಕೈಯವರೆಗೆ ಬಂದಿದೆ, ಇನ್ನು ನನಗೆ ಬಿಡುವಿಗೇನೂ ಕೊರತೆಯಿಲ್ಲ. ಜನವರಿಯ ನಮ್ಮ ಹಳೆಯ ಪಂಚಾಂಗದ ಕ್ರಿಸ್ಮಸ್ಸಿಗೆ ಮೇಜಿನಲ್ಲಿ ಹೋದವರಿಗಾಗಿ ಒಂದು ತಟ್ಟೆ ಹೆಚ್ಚಿಗೆ ಇಡುತ್ತೇನಲ್ಲ, ಅಮ್ಮನಿಗೆ. ಈ ವರ್ಷವೂ ಒಂದೇ ತಟ್ಟೆ ಇಡುತ್ತೇನೆ. ನೀನು ಹೋದವಳೆಂದು ನಾನು ಇನ್ನೂ ಲೆಕ್ಕ ಹಿಡಿದಿಲ್ಲ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ನಾಲಿಗೆಯನ್ನು ಸ್ವಲ್ಪ ಕಡಿಮೆ ಚೆನ್ನಾಗಿಡಲಿ.

ನಿನ್ನ ಅಕ್ಕ,
ಸ್ಟೆಫಾ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಆ ಸದಸ್ಯ ನಿನಗೆ ಕೇಳಿದ ಪ್ರಶ್ನೆಯ ವಿಷಯ. ಗುಂಡಿ ಕೈಯಲ್ಲಿ ಹಿಡಿದುಕೊಂಡು, ಇದನ್ನೆಲ್ಲ ನಿಮಗೆ ಕಲಿಸಿದವರು ಯಾರು ಎಂದು ಕೇಳಿದ. ನೀನು ಒಂದು ಕ್ಷಣ ನೀರು ಕುಡಿದೆ. ಅಷ್ಟು ಹೊತ್ತು ನಾನು ಕ್ಲಬ್ಬಿನ ಮಹಡಿಯಲ್ಲಿ, ಅರವತ್ತು ಜನರ ನಡುವೆ, ಲೋಟ ಕೆಳಗಿಟ್ಟು ಎದ್ದು ನಿಲ್ಲಲು ತಯಾರಾಗಿದ್ದೆ. ಹೌದು, ಹೆದರಿಕೆಯಿತ್ತು, ಆದರೂ ನೀನು ಹೇಳಲಿ ಎಂದು ಬೇಡಿಕೊಳ್ಳುತ್ತಿದ್ದೆ. ನೀನು ಅಂದದ್ದು, “ಆ ಕಡೆಯ ಪರಿಚಯದವರೊಬ್ಬರು.” ಮುದ್ರಿತ ವರದಿಯಲ್ಲೂ ಹಾಗೇ ಇದೆ, ನಲವತ್ತೊಂದನೇ ಪುಟ. ನನ್ನನ್ನು ಕಾಪಾಡಲು ಹಾಗಂದೆ ಎಂದು ನನಗೆ ಗೊತ್ತು, ಅದನ್ನು ನನಗೆ ವಿವರಿಸಲು ಎಂಟನೆಯ ಸಲ ಫೋನ್ ಮಾಡಬೇಡ.

ಹ್ಯಾಲ್ವರ್ಸನ್ ಕೂಡ ಕೊನೆಗೆ ಒಂದು ಪ್ರಶ್ನೆ ಕೇಳಿದ. ಟೀವಿಯಲ್ಲಿ ಬಂದ ಆ ವಕೀಲೆ ನಿಮಗೆ ಏನಾಗಬೇಕು ಅಂದ. ಅವನಿಗೆ ಗೊತ್ತಿರಲಿಲ್ಲ. ಪರಿಚಯದವರು ಎಂದಿದ್ದರೆ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದನೋ ಏನೋ, ಅವನ ಮುಖ ಹಾಗಿತ್ತು. ‘ನನ್ನ ತಂಗಿ’ ಅಂದೆ. ಟೈಪು ಮಾಡುತ್ತಿದ್ದ ಹುಡುಗಿ ಕೇಳಿಸಲಿಲ್ಲ ಎಂದಳು, ಇನ್ನೊಂದು ಸಲ ಹೇಳಿದೆ.